ರೆಕಾರ್ಡಿನಲ್ಲಿ ಹತ್ತು, ಕೈಯಲ್ಲಿ ಒಂದೂ ಇಲ್ಲ

(ಹೆಸರು, ಊರು ಮತ್ತು ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆ ವಿದ್ಯಾರ್ಥಿನಿಯ ಒಪ್ಪಿಗೆ ಪಡೆದಿದ್ದೇನೆ.)

ಬೆಂಗಳೂರಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪ್ರತಿ ಬುಧವಾರ ವಿದ್ಯಾರ್ಥಿಗಳ ಆಪ್ತಸಮಾಲೋಚಕಿಯಾಗಿ ಕೂರುತ್ತೇನೆ. ಲೈಬ್ರರಿ ಪಕ್ಕದ ಸಣ್ಣ ಕೋಣೆ. ಮೊದಲು ಅಲ್ಲಿ ಹಳೆಯ ಉತ್ತರಪತ್ರಿಕೆಗಳ ಕಟ್ಟು ಇಡುತ್ತಿದ್ದರಂತೆ. ಲಲಿತಾಳನ್ನು ಕಳಿಸಿದಾಗ ಅವಳ ಕ್ಲಾಸ್ ಟೀಚರ್ ಒಂದು ಚೀಟಿ ಕೊಟ್ಟಿದ್ದರು: ‘ಅನಾಟಮಿ–ಫಿಸಿಯಾಲಜಿ ಬ್ಯಾಕ್. ಪೋಸ್ಟಿಂಗ್ ದಿನ ಗೈರು. ರೆಕಾರ್ಡ್ ಬುಕ್ ಅತ್ಯುತ್ತಮ.’ ಬ್ಯಾಕ್ ಎಂದರೆ ನಪಾಸಾದ ವಿಷಯ, ಪೋಸ್ಟಿಂಗ್ ಎಂದರೆ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಕಲಿಯುವುದು, ರೆಕಾರ್ಡ್ ಎಂದರೆ ಅಲ್ಲಿ ಮಾಡಿದ್ದನ್ನು ಬರೆದು ಸಹಿ ಹಾಕಿಸುವ ಪುಸ್ತಕ. ನಾನು ಮೊದಲೆರಡು ಮಾತು ಓದಿ ಮೂರನೆಯದನ್ನು ದಾಟಿ ಹೋದೆ. ಗಂಟು ಇದ್ದದ್ದು ಆ ಮೂರನೆಯದರಲ್ಲಿ.

ಲಲಿತಾಗೆ ಹತ್ತೊಂಬತ್ತು ವರ್ಷ. ಬಿ.ಎಸ್ಸಿ. ನರ್ಸಿಂಗ್ ಎರಡನೆಯ ಸೆಮಿಸ್ಟರ್. ಕೊಪ್ಪಳದ ಕಡೆಯ ಹಳ್ಳಿ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ನಾನು ‘ನೀವು’ ಎಂದಾಗ, “ನೀನು ಅನ್ರಿ ಮೇಡಂ, ನೀವು ಅಂದ್ರ ಅಂಜಿಕಿ ಬರ್ತದ” ಅಂದಳು. ಸರಿ ಎಂದು ‘ನೀನು’ವಿಗೆ ಇಳಿದೆ.

ಮೊದಲ ಎರಡು ಭೇಟಿಯನ್ನು ನಾನು ಭಾಷೆಯ ಮೇಲೆ ಕಳೆದೆ. ಕನ್ನಡ ಮಾಧ್ಯಮದ ಹುಡುಗಿ, ಇಂಗ್ಲಿಷ್ ಪಾಠ, ಹಾಸ್ಟೆಲ್ ರೂಮಿನಲ್ಲಿ ಮಲಯಾಳ ಮಾತಾಡುವ ಮೂವರು: ಕಾರಣ ಸಿಕ್ಕಿತೆಂದುಕೊಂಡೆ. ಕೊಟ್ಟ ಸಲಹೆ ತಪ್ಪಾಗಿರಲಿಲ್ಲ, ರೋಗ ಬೇರೆಯಿತ್ತು ಅಷ್ಟೆ. ಪಾಠವನ್ನು ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳು, ರೋಗಿಯ ಮನೆಯವರಿಗೆ ಹೇಳಿದ ಹಾಗೆ. ಆಮೇಲೆ ಇಂಗ್ಲಿಷಿನಲ್ಲಿ ಬರಿ ಎಂದೆ. ‘ಹೆಪಟೊ’ ಬಂದರೆ ಯಕೃತ್ತು, ‘ನೆಫ್ರೊ’ ಬಂದರೆ ಮೂತ್ರಪಿಂಡ, ‘ಐಟಿಸ್’ ಎಂದು ಮುಗಿದರೆ ಉರಿಯೂತ. ಇಂಥ ತುಣುಕುಗಳನ್ನು ದಿನಕ್ಕೆ ಐದರಂತೆ ಗೋಡೆಗೆ ಅಂಟಿಸಿಕೋ ಎಂದೆ. ಅವಳು ಅಂಟಿಸಿಕೊಂಡಳು ಕೂಡ. ಆದರೆ ಪೋಸ್ಟಿಂಗ್ ದಿನ ಬಂದರೆ ಜ್ವರ ಎಂದು ಗೈರಾಗುವುದು ಮಾತ್ರ ನಿಲ್ಲಲಿಲ್ಲ.

ಮೂರನೆಯ ಬುಧವಾರ, “ರೆಕಾರ್ಡ್ ತಗೊಂಡು ಬಾ, ನೋಡೋಣ” ಎಂದೆ. ತಂದಳು. ಮುತ್ತು ಪೋಣಿಸಿದ ಹಾಗೆ ಅಕ್ಷರ, ಮೂರು ಬಣ್ಣದ ಪೆನ್ನು. ಸ್ನಾಯುವಿಗೆ ಇಂಜೆಕ್ಷನ್ ಹತ್ತು ಬಾರಿ ಮಾಡಿದ್ದಕ್ಕೆ ಹತ್ತು ಸಹಿ. “ಇದರಲ್ಲಿ ನೀನೇ ಕೈಯಾರೆ ಮಾಡಿದ್ದು ಎಷ್ಟು?” ಎಂದು ಕೇಳಿದೆ. ಬಹಳ ಹೊತ್ತು ಫ್ಯಾನ್ ನೋಡುತ್ತಾ ಕೂತಳು.

“ಒಂದೂ ಇಲ್ರಿ.”

ಆಮೇಲೆ ಎಲ್ಲ ಹೊರಗೆ ಬಂತು. ಒಬ್ಬೊಬ್ಬ ಇನ್‌ಸ್ಟ್ರಕ್ಟರ್ ಹಿಂದೆ ಹಿಂಡು ಮಕ್ಕಳು. ಮುಂದೆ ನಿಂತವರು ಮಾಡುತ್ತಾರೆ, ಹಿಂದೆ ನಿಂತವರು ನೋಡುತ್ತಾರೆ; ಸಹಿ ಮಾತ್ರ ಎಲ್ಲರಿಗೂ ಒಂದೇ. ರೋಗಿಯ ಆರೈಕೆ ಹೇಗೆಂದು ಬರೆಯುವ ಕೇರ್ ಪ್ಲಾನುಗಳನ್ನು ದುಡ್ಡು ಕೊಟ್ಟು ಸೀನಿಯರ್ ಒಬ್ಬರಿಂದ ಬರೆಸಿಕೊಂಡಿದ್ದಳು. ಆ ಸೀನಿಯರ್ ಯಾರೆಂದು ನಾನು ಕೇಳಲಿಲ್ಲ. ನನ್ನ ಕೆಲಸ ಅದಲ್ಲ.

ಮೇಜಿನ ಮೇಲೆ ಬೆರಳಿಟ್ಟು ಇನ್ನೊಂದು ಸಂಗತಿ ಹೇಳಿದಳು. ಸುಮಾರು ಐದು ವಾರದ ಹಿಂದೆ ವಾರ್ಡಿನಲ್ಲಿ ಸಿಸ್ಟರ್ ಇಂಜೆಕ್ಷನ್ ಕೊಟ್ಟು ಸಿರಿಂಜನ್ನು ಇವಳ ಕೈಗೆ ಕೊಟ್ಟರು, ಎಸೆದು ಬಾ ಎಂದು. ಇವಳು ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿ ತೋರುಬೆರಳಿಗೆ ಚುಚ್ಚಿಕೊಂಡಳು. ಯಾರಿಗೂ ಹೇಳಲಿಲ್ಲ. ರೋಗಿ ಯಾರು ಎಂಬುದೂ ನೆನಪಿಲ್ಲ. ಅಂದಿನಿಂದ ಟ್ರೇ ಹಿಡಿದರೆ ಸಾಕು, “ಕೈ ನಡಗತಾವ್ರಿ ಮೇಡಂ.”

ಸೂಜಿಗೆ ಮರಳಿ ಮುಚ್ಚಳ ಹಾಕಬಾರದು ಎಂಬ ವಾಕ್ಯ ಅವಳದೇ ರೆಕಾರ್ಡಿನಲ್ಲಿ ಕೆಂಪು ಪೆನ್ನಿನಲ್ಲಿ, ಎರಡು ಗೆರೆ ಎಳೆದು ಬರೆದಿತ್ತು. ಕೈಗೆ ಆ ವಾಕ್ಯ ಗೊತ್ತಿರಲಿಲ್ಲ.

ಆ ದಿನ ಓದಿನ ಮಾತು ನಿಲ್ಲಿಸಿದೆ. ಸೂಜಿ ಚುಚ್ಚಿದರೆ ಏನು ಮಾಡಬೇಕೆಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆದರಿ ಮುಚ್ಚಿಡುವ ಮಕ್ಕಳು ಇನ್ನೂ ಇದ್ದಾರೆ. ಬೆರಳನ್ನು ಹಿಂಡಬಾರದು, ಬಾಯಿಗೆ ಇಡಬಾರದು. ಹರಿಯುವ ನೀರು, ಸೋಪು. ತಕ್ಷಣ ವಾರ್ಡ್ ಇನ್‌ಚಾರ್ಜ್‌ಗೆ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ ಮೊದಲ ಎರಡು ಗಂಟೆಯೊಳಗೆ ಶುರು ಮಾಡುವುದು ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಕೊಡುವುದಿಲ್ಲ. ಶುರು ಮಾಡಿದರೆ 28 ದಿನ. ಲಲಿತಾಗೆ ಆ ಗಡುವು ಎಂದೋ ದಾಟಿತ್ತು. ಉಳಿದದ್ದು ಪರೀಕ್ಷೆ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿಯಲ್ಲಿ, ಅಂದರೆ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟು ಕಾಯುತ್ತಾರೆ. ಹೆಪಟೈಟಿಸ್ ಬಿ ಲಸಿಕೆ ಎರಡು ಡೋಸ್ ಆಗಿತ್ತು, ಆರನೇ ತಿಂಗಳಿನ ಮೂರನೆಯದು ತಪ್ಪಿತ್ತು. ಮರುದಿನವೇ ಹೋಗಬೇಕೆಂದೆ, ಜೊತೆಗೆ ಯಾರು ಹೋಗಬೇಕೆಂದು ಅವಳೇ ಆರಿಸಿದಳು: ರೂಮಿನ ಮಲಯಾಳಿ ಗೆಳತಿ.

ರೆಕಾರ್ಡಿನ ವಿಷಯ ನನಗೆ ಕಷ್ಟವಾಯಿತು. ಮೊದಲ ಭೇಟಿಯಲ್ಲೇ ಎಲ್ಲರಿಗೂ ಹೇಳಿರುತ್ತೇನೆ: ಇಲ್ಲಿನ ಮಾತು ಇಲ್ಲೇ, ಯಾರ ಜೀವಕ್ಕಾದರೂ ಅಪಾಯವಿದ್ದರೆ ಮಾತ್ರ ಬೇರೆ. ಇಂಜೆಕ್ಷನ್ ಕೊಡಲು ಬಾರದವಳು ಹತ್ತು ಕೊಟ್ಟಿದ್ದಾಳೆ ಎಂಬ ಕಾಗದ ಅಪಾಯವೇ ಅಲ್ಲವೇ? “ಟೀಚರ್‌ಗೆ ಹೇಳಬ್ಯಾಡ್ರಿ” ಎಂದಳು. ನಾನು ಹೇಳುವುದಿಲ್ಲ, ನೀನೇ ಹೇಳು, ನಾನು ಪಕ್ಕದಲ್ಲಿ ಕೂರುತ್ತೇನೆ ಎಂದೆ. ಒಂದು ವಾರ ತೆಗೆದುಕೊಂಡಳು. ಅಲ್ಲಿಯವರೆಗೆ ಯಾವ ರೋಗಿಗೂ ಸೂಜಿ ಹಿಡಿಯುವುದಿಲ್ಲ ಎಂಬ ಮಾತು ಪಡೆದೆ. ಇನ್‌ಸ್ಟ್ರಕ್ಟರ್ ಕೂಗಾಡಬಹುದೆಂದು ನಾನೂ ಅಂದುಕೊಂಡಿದ್ದೆ. ಅವರು ತಲೆ ತಗ್ಗಿಸಿ, “ಸಹಿ ನನ್ನದೂ ಹೌದಲ್ಲ” ಎಂದರು.

ಮೂವರೂ ಕೂತು ಮಾಡಿಕೊಂಡ ಏರ್ಪಾಡು ಸರಳ. ರೆಕಾರ್ಡಿನ ಪ್ರತಿ ಕೆಲಸದ ಮುಂದೆ ಪೆನ್ಸಿಲಿನಲ್ಲಿ ಒಂದು ಅಕ್ಷರ. ನೋಡಿದ್ದರೆ ‘ನೋ’, ಸಹಾಯಕ್ಕೆ ನಿಂತಿದ್ದರೆ ‘ಸ’, ತಾನೇ ಮಾಡಿದ್ದರೆ ‘ಮಾ’. ‘ಮಾ’ ಇಲ್ಲದೆ ಇನ್ನು ಸಹಿ ಇಲ್ಲ. ಹಳೆಯ ಹತ್ತು ಸಹಿಗೂ ಅಡ್ಡಗೆರೆ ಬಿತ್ತು. ವಾರಕ್ಕೆ ಎರಡು ಸಂಜೆ ಸ್ಕಿಲ್ ಲ್ಯಾಬಿನಲ್ಲಿ ಡಮ್ಮಿಯ ಮುಂದೆ. ಒಬ್ಬಳೇ ಅಲ್ಲ: ಗೆಳತಿ ಚೆಕ್‌ಲಿಸ್ಟ್ ಹಿಡಿದು ಓದಬೇಕು, ಇವಳು ಮಾಡುತ್ತಾ ಬಾಯಲ್ಲಿ ಹೇಳಬೇಕು. ರೋಗಿ ಸರಿಯೇ, ಔಷಧಿ ಸರಿಯೇ, ಪ್ರಮಾಣ, ಮಾರ್ಗ, ಸಮಯ. ಕೊನೆಯ ಹೆಜ್ಜೆ ಇಂಜೆಕ್ಷನ್ ಕೊಡುವುದಲ್ಲ. ಮುಚ್ಚಳ ಹಾಕದೆ ಸೂಜಿಯನ್ನು ಬಿಳಿ ಡಬ್ಬಿಗೆ ಹಾಕಿ ಕೈ ತೊಳೆಯುವುದು. ಕೈಕೆಲಸ ನೋಡುವ ಓಎಸ್‌ಸಿಇ ಪರೀಕ್ಷೆಯಲ್ಲಿ ಅಂಕ ಬರುವುದೂ ಹೀಗೆ ಹೆಜ್ಜೆ ಹೆಜ್ಜೆಗೇ.

ಲೆಕ್ಕಕ್ಕೆ ಹೆದರುತ್ತಿದ್ದಳು. ದಿನಕ್ಕೆ ಎರಡೇ ಲೆಕ್ಕ, ಆದರೆ ವಾರ್ಡಿನದೇ ಆಗಿರಬೇಕೆಂದು ಇನ್‌ಸ್ಟ್ರಕ್ಟರ್ ಹೇಳಿದರು. 500 ಎಂಎಲ್ ಡ್ರಿಪ್ ಬಾಟಲಿ ನಾಲ್ಕು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ ಎಂಎಲ್‌ಗೆ 20 ಹನಿಯದು: ನಿಮಿಷಕ್ಕೆ ಸುಮಾರು 42 ಹನಿ. ಅವಳಿಗೆ ಬುದ್ಧಿ ಚುರುಕಾದದ್ದು ಇನ್ಸುಲಿನ್ ಲೆಕ್ಕದಿಂದ. ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್ನನ್ನು, ಎಂಎಲ್‌ಗೆ 40 ಯೂನಿಟ್ ಲೆಕ್ಕದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 20 ಅಲ್ಲ, 50 ಯೂನಿಟ್. “ಅಷ್ಟು ಕೊಟ್ರ ಸತ್ತೇ ಹೋಗ್ತಾರಲ್ರಿ!” ಎಂದು ನನ್ನ ಕೋಣೆಗೆ ಬಂದು ಹೇಳಿದಳು. ಅಂದು ಮೊದಲ ಸಲ ಅವಳ ದನಿಯಲ್ಲಿ ತನ್ನ ಚಿಂತೆಗಿಂತ ರೋಗಿಯ ಚಿಂತೆ ಕೇಳಿಸಿತು.

ನಡುಕದ ಬಗ್ಗೆ ಒಂದು ಸಣ್ಣ ಮಾತು. ಕಾಲೇಜು ಬಸ್ಸು ಬೆಳಿಗ್ಗೆ ಆರೂವರೆಗೆ, ಹಾಸ್ಟೆಲ್ ತಿಂಡಿ ಏಳೂವರೆಗೆ. ಅಂದರೆ ಪೋಸ್ಟಿಂಗ್ ದಿನ ಮಧ್ಯಾಹ್ನದವರೆಗೆ ಹಸಿದ ಹೊಟ್ಟೆ. ಇದನ್ನು ನಾನು ಮೊದಲ ದಿನವೇ ಕೇಳಬೇಕಿತ್ತು. ಅವ್ವ ಕಳಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ಟ್ರಂಕಿನಲ್ಲೇ ಇತ್ತು. ಬಸ್ಸಿನಲ್ಲಿ ಯಾರಾದರೂ ನಗುತ್ತಾರೆಂದು ತಿನ್ನುತ್ತಿರಲಿಲ್ಲ. ತಿನ್ನು ಎಂದೆ. ನಿದ್ದೆ ಕೆಟ್ಟು ಎದೆ ಹೊಡೆದುಕೊಳ್ಳುವ ರಾತ್ರಿ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ ಎಂದು ಫೋನಿನಲ್ಲಿ ನಂಬರ್ ಸೇವ್ ಮಾಡಿಸಿದೆ.

ಗೈರಿನ ಲೆಕ್ಕವನ್ನೂ ತೋರಿಸಿದೆ. ಪರೀಕ್ಷೆಗೆ ಕೂರಲು 80% ಹಾಜರಿ ಸಾಕು. ಪದವಿ ಕೈಗೆ ಬರಬೇಕಾದರೆ ಕ್ಲಿನಿಕಲ್, ಅಂದರೆ ಪೋಸ್ಟಿಂಗ್ ಹಾಜರಿ 100% ಆಗಲೇಬೇಕು. ತಪ್ಪಿಸಿಕೊಂಡ ದಿನ ಎಲ್ಲೂ ಹೋಗುವುದಿಲ್ಲ, ರಜೆಯಲ್ಲಿ ಬಂದು ಬಾಗಿಲು ತಟ್ಟುತ್ತದೆ.

ಇದು ನಡೆದು ನಾಲ್ಕು ತಿಂಗಳು. ರಕ್ತಪರೀಕ್ಷೆ ಎರಡು ಸಲ ಆಗಿದೆ, ಎರಡೂ ನೆಗೆಟಿವ್. ವೈದ್ಯರು ಇನ್ನೊಮ್ಮೆ ಬರಲು ಹೇಳಿದ್ದಾರೆ. ಅನಾಟಮಿ–ಫಿಸಿಯಾಲಜಿ ಮತ್ತೆ ಬರೆದಳು, ಥಿಯರಿಯಲ್ಲಿ ನಾಲ್ಕು ಅಂಕಕ್ಕೆ ಮತ್ತೆ ಹೋಯಿತು. ಅತ್ತಳು, ನಾನೂ ತಡೆಯಲಿಲ್ಲ. ಹೋದ ಬುಧವಾರ ರೆಕಾರ್ಡ್ ತೋರಿಸಿದಳು. ಸ್ನಾಯುವಿನ ಇಂಜೆಕ್ಷನ್ ಪುಟದಲ್ಲಿ ಆರು ‘ನೋ’, ಎರಡು ‘ಸ’, ಮೂರು ‘ಮಾ’. ಮೂರನೆಯ ‘ಮಾ’ ಪಕ್ಕದಲ್ಲಿ ಸಣ್ಣದಾಗಿ ಬರೆದಿದ್ದಳು: ‘ಅಜ್ಜಿ ನೋವಾಗಲಿಲ್ಲ ಅಂದರು.’