ನಿಮ್ಮ ಖರ್ಚಿನ ಪಟ್ಟಿಯಲ್ಲಿ ಹಾರಾಟದ ಗಂಟೆಗಳೇ ಇಲ್ಲ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ, ಕೆಲಸ ಅಮೆರಿಕದ ಒಹಾಯೊದಲ್ಲಿ, ಖಾಸಗಿ ಪೈಲಟ್ ಪರವಾನಗಿ ಸಿಕ್ಕಿ ಎರಡು ವರ್ಷ, ಸದ್ಯ ಬಾಡಿಗೆಯ ಸೆಸ್ನಾ 172ರಲ್ಲಿ ಹಾರಾಟ. ಪೈಲಟ್‌ಗಳಿಗೆ ನಕ್ಷೆ, ಹವಾಮಾನ ತೋರಿಸುವ ಫೋರ್‌ಫ್ಲೈಟ್ ಆ್ಯಪ್‌ನ ಚಂದಾ ಏರುತ್ತಲೇ ಇದೆ, ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಒಬ್ಬರು ತಮ್ಮ ಗ್ಯಾರೇಜಿನಲ್ಲಿ ಕಟ್ಟಿದ ಆರ್‌ವಿ-9ಎ ಎಂಬ ಎರಡು ಆಸನದ ಪುಟ್ಟ ವಿಮಾನ ಮಾರಾಟಕ್ಕಿದೆ, ಅದನ್ನು ಕೊಳ್ಳಲೇ, ಇಲ್ಲವೇ ಬಿಡಿಭಾಗಗಳ ಕಿಟ್ ತರಿಸಿ ನಾನೇ ಕಟ್ಟಲೇ, ಊರಿಗೆ ಮರಳುವಾಗ ಜೊತೆಗೆ ತರಬಹುದೇ ಎಂದೂ ಕೇಳಿದ್ದೀರಿ. ಖರ್ಚಿನ ಪಟ್ಟಿಯನ್ನು ಅಚ್ಚುಕಟ್ಟಾಗಿ ಕೊಟ್ಟಿದ್ದೀರಿ. ಆದರೆ ವರ್ಷಕ್ಕೆ ಎಷ್ಟು ಗಂಟೆ ಹಾರುತ್ತೀರಿ ಎಂಬುದನ್ನು ಮಾತ್ರ ಬರೆದಿಲ್ಲ. ಅದು ಗೊತ್ತಾಗದೆ ಉಳಿದ ಯಾವ ಅಂಕಿಗೂ ಬೆಲೆಯಿಲ್ಲ.

ನಾನು ಹೊಸೂರಿನವನು. ತಮಿಳುನಾಡಿನ ಗಡಿಯೊಳಗಿದ್ದರೂ ನಮ್ಮ ಮನೆಮಾತು ಕನ್ನಡ. ಮನೆ ತಳಿ ರಸ್ತೆಯಲ್ಲಿದೆ, ಬೆಳಗೊಂಡಪಲ್ಲಿಯ ಖಾಸಗಿ ವಿಮಾನ ನಿಲ್ದಾಣ ಅಲ್ಲಿಂದ ದೂರವೇನಿಲ್ಲ. 1990ರ ದಶಕದಲ್ಲಿ ತನೇಜಾ ಕಂಪನಿ ಇಟಲಿಯ ಪಾರ್ಟೆನಾವಿಯಾ ವಿನ್ಯಾಸದ ಪಿ-68 ಎಂಬ ಎರಡು ಎಂಜಿನ್ನುಗಳ ಪುಟ್ಟ ವಿಮಾನವನ್ನು ಅಲ್ಲಿಯೇ ತಯಾರಿಸುತ್ತಿತ್ತು. ರಾಗಿ ಹೊಲದ ಬದುವಿನ ಮೇಲೆ ನಿಂತು ಅದು ಇಳಿಯುವುದನ್ನು ನೋಡುತ್ತಾ ಬೆಳೆದವನು ನಾನು. ಮುಂದೆ ಎಂಜಿನಿಯರಾಗಿ ಹನ್ನೊಂದು ವರ್ಷ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದ್ದೆ, ಅಲ್ಲಿಯೇ ಪರವಾನಗಿ ಪಡೆದೆ. ನನ್ನ ಸಹೋದ್ಯೋಗಿ ಗೆಳೆಯನೊಬ್ಬ ಆರ್‌ವಿ-9ಎ ಕಟ್ಟುತ್ತಿದ್ದ. ಕೊನೆಯ ಒಂದೂವರೆ ವರ್ಷ ಅವನ ಜೊತೆ ಕೈ ಜೋಡಿಸಿದೆ, ಆಮೇಲೆ ಆರು ವರ್ಷ ಅದರಲ್ಲಿ ಅರ್ಧ ಪಾಲು ಇಟ್ಟುಕೊಂಡಿದ್ದೆ. 2019ರಲ್ಲಿ ನನ್ನ ಪಾಲು ಮಾರಿ ಊರಿಗೆ ಬಂದೆ. ಈಗ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿರುವ ಅಣ್ಣನ ತಗಡಿನ ವರ್ಕ್‌ಶಾಪಿನ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹೀಗಾಗಿ ಈ ವಿಷಯದಲ್ಲಿ ನನ್ನ ಮಾತು ಒಬ್ಬ ಪಾಲುದಾರನ ಮಾತು. ಪೂರ್ತಿ ವಿಮಾನವನ್ನು ಒಬ್ಬನೇ ಕಟ್ಟಿದವನ ಮಾತಲ್ಲ.

ಮೊದಲು ಆ್ಯಪ್ ವಿಷಯ ಮುಗಿಸೋಣ. ಫೋರ್‌ಫ್ಲೈಟನ್ನು 2019ರಲ್ಲಿ ಬೋಯಿಂಗ್ ಕೊಂಡಿತು, 2025ರಲ್ಲಿ ಥೋಮಾ ಬ್ರಾವೊ ಎಂಬ ಹೂಡಿಕೆ ಸಂಸ್ಥೆಗೆ ಮಾರಿತು. ಚಂದಾ ಇಳಿಯುತ್ತದೆ ಎಂದು ಕಾಯುತ್ತಾ ಕೂರಬೇಡಿ. ಆದರೆ ನೀವು ಕಟ್ಟುತ್ತಿರುವುದು ಮೇಲಿನ ಹಂತದ ಚಂದಾ. ನಿಮಗಿನ್ನೂ ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಉಪಕರಣಗಳನ್ನೇ ನಂಬಿ ಮೋಡದೊಳಗೆ ಹಾರುವ ಅರ್ಹತೆ, ಇಲ್ಲ ಎಂದು ನೀವೇ ಬರೆದಿದ್ದೀರಿ. ಮೋಡದೊಳಗೆ ಇಳಿಯುವ ಅಪ್ರೋಚ್ ನಕ್ಷೆಗಳ ಮೇಲೆ ನಿಮ್ಮ ವಿಮಾನ ಚಲಿಸುವುದನ್ನು ತೋರಿಸಲೆಂದು ಹೆಚ್ಚು ಹಣ ಏಕೆ ಕೊಡಬೇಕು? ಕೆಳಗಿನ ಹಂತಕ್ಕೆ ಇಳಿಯಿರಿ. ಆ ದೇಶದಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ತನ್ನ ನಕ್ಷೆಗಳನ್ನೆಲ್ಲ ಡಿಜಿಟಲ್ ರೂಪದಲ್ಲಿ ಉಚಿತವಾಗಿ ಕೊಡುತ್ತದೆ. ಅವೇ ನಕ್ಷೆಗಳನ್ನು ತೋರಿಸುವ ಅವೇರ್ ಎಂಬ ಉಚಿತ ಆ್ಯಪ್ ಆಂಡ್ರಾಯ್ಡ್‌ನಲ್ಲಿದೆ. ಹವಾಮಾನ, ಟ್ರಾಫಿಕ್ (ಸುತ್ತಲಿನ ವಿಮಾನಗಳ) ಮಾಹಿತಿಯನ್ನು ನೆಲದ ಕೇಂದ್ರಗಳು ಎಡಿಎಸ್-ಬಿ ಎಂಬ ರೇಡಿಯೊ ವ್ಯವಸ್ಥೆಯ ಮೂಲಕ ಚಂದಾ ಇಲ್ಲದೆ ಪ್ರಸಾರ ಮಾಡುತ್ತವೆ. ಅದನ್ನು ಹಿಡಿಯುವ ಸ್ಟ್ರಾಟಕ್ಸ್ ರಿಸೀವರನ್ನು ನನ್ನ ಗೆಳೆಯ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡಿನಿಂದ ಒಂದು ಭಾನುವಾರ ಜೋಡಿಸಿದ್ದ. ಇನ್ನೊಂದು ಮಾತು: ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಪ್ರಮಾಣೀಕೃತ ಉಪಕರಣಗಳೇ ಬೇಕೆಂಬ ಕಟ್ಟಳೆ ಇಲ್ಲದ ಕಾರಣ ಡೈನಾನ್‌ನಂಥ ಕಂಪನಿಗಳ ಕಾಕ್‌ಪಿಟ್ ಪರದೆಗಳು ಅಗ್ಗವಾಗಿ ಸಿಗುತ್ತವೆ. ಆ ಪರದೆಯಲ್ಲೇ ನಕ್ಷೆ ಇರುತ್ತದೆ, ಟ್ರಾಫಿಕ್ ಇರುತ್ತದೆ. ನೀವು ನೋಡುತ್ತಿರುವ ವಿಮಾನದಲ್ಲಿ ಅಂಥದ್ದು ಇದ್ದರೆ ದುಬಾರಿ ಆ್ಯಪ್ ಅದರ ಪಕ್ಕದಲ್ಲಿ ಅದೇ ಕೆಲಸವನ್ನು ಎರಡನೆಯ ಸಲ ಮಾಡುತ್ತದೆ.

ಯಾವ ಆ್ಯಪ್ ಇಟ್ಟುಕೊಂಡರೂ ಕಾಗದದ ನಕ್ಷೆ ಜೊತೆಗಿರಲಿ. ಒಂದು ಜುಲೈ ಮಧ್ಯಾಹ್ನ ಯಾಕಿಮಾ ದಾಟಿ ಪೂರ್ವಕ್ಕೆ ಹೋಗುತ್ತಿದ್ದೆವು. ಆರ್‌ವಿಯ ಮೇಲ್ಛಾವಣಿ ಪೂರ್ತಿ ಪಾರದರ್ಶಕ, ಬಿಸಿಲು ನೇರ ತೊಡೆಯ ಮೇಲೆ. ಐಪ್ಯಾಡ್‌ಗೆ 35 ಡಿಗ್ರಿಯವರೆಗೆ ಎಂದು ತಯಾರಕರೇ ಹೇಳಿರುತ್ತಾರೆ. ಒಳಗಿನ ಬಿಸಿ ಅದಕ್ಕಿಂತ ಎಷ್ಟೋ ಮೇಲಿತ್ತು. ತಾಪಮಾನದ ಎಚ್ಚರಿಕೆ ತೋರಿಸಿ ಪರದೆ ಕಪ್ಪಾಯಿತು. ಮೊಣಕಾಲಿನ ಕೆಳಗೆ ಮಡಚಿ ಸಿಕ್ಕಿಸಿದ್ದ ಸೆಕ್ಷನಲ್ ಎಂಬ ಕಾಗದದ ನಕ್ಷೆಯನ್ನು ಎಳೆದು, ಕೊಲಂಬಿಯಾ ನದಿಯ ತಿರುವಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು ಮುಂದೆ ಹೋದೆ. ತಂಪಾಗಲು ಆಸನದ ಕೆಳಗೆ ಇಟ್ಟ ಐಪ್ಯಾಡ್ ಇಪ್ಪತ್ತು ನಿಮಿಷದ ನಂತರ ಮತ್ತೆ ಹೊತ್ತಿಕೊಂಡಿತು. ಆ ಇಪ್ಪತ್ತು ನಿಮಿಷ ನನ್ನ ಹೆಬ್ಬೆರಳು ನಕ್ಷೆಯನ್ನು ಬಿಡಲಿಲ್ಲ.

ಈಗ ಗಂಟೆಗಳ ಲೆಕ್ಕ. ನನ್ನ ಕಾಲದ ಅಂಕಿಗಳನ್ನು ಈಗಿನ ಬೆಲೆಗೆ ಅಂದಾಜು ಹೊಂದಿಸಿ ಹೇಳುತ್ತೇನೆ, ನಿಮ್ಮ ಊರಿನ ದರ ಹಾಕಿ ತಿದ್ದಿಕೊಳ್ಳಿ. ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಡಿಗೆ ತಿಂಗಳಿಗೆ 350 ಡಾಲರ್ ಎಂದರೆ ವರ್ಷಕ್ಕೆ 4200. ವಿಮೆ 1600. ವಾರ್ಷಿಕ ತಪಾಸಣೆಗೆ 800. ಈ 6600 ಡಾಲರನ್ನು ವಿಮಾನ ನೆಲ ಬಿಡದಿದ್ದರೂ ಕೊಡಲೇಬೇಕು. ಹಾರಿದರೆ ಗಂಟೆಗೆ ಸುಮಾರು 7 ಗ್ಯಾಲನ್ ಇಂಧನ, ಗ್ಯಾಲನ್‌ಗೆ 6 ಡಾಲರ್ ಹಿಡಿದರೆ 42. ಲೈಕಮಿಂಗ್ ಒ-320 ಎಂಜಿನ್ನನ್ನು 2000 ಗಂಟೆಗೆ ಪೂರ್ತಿ ಬಿಚ್ಚಿ ಹೊಸದು ಮಾಡಬೇಕು ಎನ್ನುತ್ತದೆ ತಯಾರಕರ ಶಿಫಾರಸು. ಅದಕ್ಕೆ 30 ಸಾವಿರ ಡಾಲರ್ ಎಂದಿಟ್ಟುಕೊಂಡರೆ ಗಂಟೆಗೆ 15 ತೆಗೆದಿಡಬೇಕು. ಒಟ್ಟು ಗಂಟೆಗೆ 57.

ವರ್ಷಕ್ಕೆ 100 ಗಂಟೆ ಹಾರುವವನಿಗೆ ಗಂಟೆಯೊಂದಕ್ಕೆ 123 ಡಾಲರ್ ಬೀಳುತ್ತದೆ. 50 ಗಂಟೆಯವನಿಗೆ 189. ಇಪ್ಪತ್ತೇ ಗಂಟೆ ಹಾರುವವನಿಗೆ 387! ನಿಮ್ಮ ಸೆಸ್ನಾ ಬಾಡಿಗೆ, ಇಂಧನ ಸೇರಿ, ಗಂಟೆಗೆ 170 ಎಂದು ಬರೆದಿದ್ದೀರಿ. ಅಂದರೆ ಸುಮಾರು 58 ಗಂಟೆಯ ಕೆಳಗೆ ಹಾರುವವರೆಗೆ ಬಾಡಿಗೆಯೇ ಲಾಭ, ಅದೂ ವಿಮಾನ ಕೊಳ್ಳಲು ಹಾಕಿದ ದುಡ್ಡನ್ನು ಲೆಕ್ಕಕ್ಕೆ ಹಿಡಿಯದೆ. ನಿಮ್ಮ ನಿದ್ದೆ ಕೆಡಿಸಿರುವ 250 ಡಾಲರಿನ ಆ್ಯಪ್ ಈ ಲೆಕ್ಕದಲ್ಲಿ, 50 ಗಂಟೆ ಹಾರಿದರೆ, ಗಂಟೆಗೆ 5 ಡಾಲರ್. ಪ್ರತಿ ವರ್ಷ ಒಂದೇ ದಿನ ಒಂದೇ ಮೊತ್ತವಾಗಿ ಕಾರ್ಡಿನಿಂದ ಹೋಗುವುದರಿಂದ ಅದು ಕಣ್ಣಿಗೆ ಚುಚ್ಚುತ್ತದೆ. ಹ್ಯಾಂಗರಿನ ಬಾಡಿಗೆ ತಿಂಗಳು ತಿಂಗಳು ಸದ್ದಿಲ್ಲದೆ ಹೋಗುತ್ತದೆ. ನಾವಿಬ್ಬರು ಪಾಲುದಾರರಾಗಿದ್ದರಿಂದಲೇ ನನಗೆ ಇದು ಕೈಗೆಟುಕಿತು. ಆ 6600 ಎರಡು ಭಾಗವಾಯಿತು, ವಿಮಾನವೂ ತುಕ್ಕು ಹಿಡಿಯುವಷ್ಟು ಕಾಲ ನಿಂತಲ್ಲೇ ನಿಲ್ಲಲಿಲ್ಲ. ನಿಮಗೂ ನನ್ನ ಮೊದಲ ಸಲಹೆ ಅದೇ: ಒಳ್ಳೆಯ ಪಾಲುದಾರನನ್ನು ಹುಡುಕಿ, ವಿಮಾನ ಆಮೇಲೆ ನೋಡಿ.

ಯಾರೋ ಕಟ್ಟಿದ್ದನ್ನು ಕೊಳ್ಳುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ. ವ್ಯಾನ್ಸ್ ಕಂಪನಿಯ ಆರ್‌ವಿ ಕಿಟ್‌ಗಳಿಂದ ಎದ್ದು ಹಾರಿದ ವಿಮಾನಗಳು ಹನ್ನೊಂದು ಸಾವಿರ ದಾಟಿವೆ. ವಿನ್ಯಾಸದ ಬಗ್ಗೆ ಅನುಮಾನ ಬೇಡ. ನೀವು ಪರೀಕ್ಷಿಸಬೇಕಾದದ್ದು ಕಟ್ಟಿದವನ ಕೈಯನ್ನು. ನಮ್ಮ ವಿಮಾನದ ಬಾಲದ ಭಾಗಕ್ಕೆ ರಿವೆಟ್ (ತಗಡುಗಳನ್ನು ಸೇರಿಸುವ ಮೊಳೆ) ಹೊಡೆಯುವಾಗ ನಾನು ಒಳಗೆ ಮಲಗಿ ಉಕ್ಕಿನ ಬಕಿಂಗ್ ಬಾರ್ ಒತ್ತಿ ಹಿಡಿಯುತ್ತಿದ್ದೆ, ಗೆಳೆಯ ಹೊರಗಿನಿಂದ ರಿವೆಟ್ ಗನ್ ಒತ್ತುತ್ತಿದ್ದ. ಅಲ್ಯೂಮಿನಿಯಂ ಕೊಳವೆಯೊಳಗೆ ಆ ಸದ್ದು ಕಿವಿಗೆ ಮುಚ್ಚಳ ಹಾಕಿಕೊಂಡರೂ ಹಲ್ಲಿಗೆ ತಾಗುತ್ತದೆ. ಪ್ರತಿ ರಿವೆಟ್ಟಿನ ಒಳಬದಿ ಚಪ್ಪಟೆಯಾಗಿ ತನ್ನ ದಪ್ಪದ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರ ಆಗಬೇಕು. ಕೈ ಒಂದಿಷ್ಟು ವಾಲಿದರೆ ಅದು ಒಂದು ಕಡೆಗೆ ಮಲಗುತ್ತದೆ. ಮಲಗಿದ್ದನ್ನು ಡ್ರಿಲ್ ಮಾಡಿ ತೆಗೆಯಲು ಹೋಗಿ ತೂತು ದೊಡ್ಡದಾದರೆ ಇನ್ನೂ ತೊಂದರೆ. ಒಂದು ಸಂಜೆ ನಾವು ಹೊಡೆದದ್ದು ನಲವತ್ತು, ತೆಗೆದದ್ದು ಆರು. ಯಾರೂ ನೋಡದ ಜಾಗದ ಆ ಆರನ್ನು ಬಿಚ್ಚಿ ಮತ್ತೆ ಹೊಡೆಯುವವನೋ, ನಾಳೆ ಬಣ್ಣ ಬಂದರೆ ಕಾಣುವುದಿಲ್ಲ ಎನ್ನುವವನೋ ಎಂಬುದರ ಮೇಲೆ ನಿಮ್ಮ ಜೀವ ನಿಂತಿದೆ.

ಆದ್ದರಿಂದ ಹೊಳೆಯುವ ಬಣ್ಣವನ್ನು ನೋಡಬೇಡಿ. ಟಾರ್ಚು, ಉದ್ದ ಹಿಡಿಯ ಕನ್ನಡಿ ತೆಗೆದುಕೊಂಡು ಬಾಲದೊಳಗೆ, ರೆಕ್ಕೆಯ ತುದಿಯೊಳಗೆ, ಆಸನದ ಕೆಳಗೆ ನೋಡಿ. ವೈರುಗಳು ತಗಡಿನ ಅಂಚಿಗೆ ಉಜ್ಜುತ್ತಿವೆಯೇ, ಅಂಚುಗಳನ್ನು ಅರದಿಂದ ನಯ ಮಾಡಿದ್ದಾರೆಯೇ, ಕೊರೆದಾಗಿನ ಪುಡಿ ಮೂಲೆಯಲ್ಲಿ ಹಾಗೇ ಬಿದ್ದಿದೆಯೇ. ಹತ್ತು ವರ್ಷದ ವಿಮಾನದ ಬಾಲದಲ್ಲಿ ಅಲ್ಯೂಮಿನಿಯಂ ಪುಡಿ ಸಿಕ್ಕಿದರೆ ಅದನ್ನು ಕಟ್ಟಿದವನ ಬಗ್ಗೆ ಬೇರೇನೂ ಕೇಳಬೇಕಾಗಿಲ್ಲ. ಕಟ್ಟುವಾಗಿನ ಫೋಟೊ, ಡೈರಿ ಕೇಳಿ. ಆರ್‌ವಿಗಳ ಮೇಲೆ ಕೆಲಸ ಮಾಡಿದ ಮೆಕ್ಯಾನಿಕ್‌ಗೆ ಹಣ ಕೊಟ್ಟು ತಪಾಸಣೆ ಮಾಡಿಸಿ, ಮಾರುವವರ ಗೆಳೆಯನಿಂದ ಬೇಡ. ವಾರ್ಷಿಕ ತಪಾಸಣೆಗೆ ಸಹಿ ಹಾಕಲು ಕಟ್ಟಿದವನಿಗೆ ಸಿಗುವ ರಿಪೇರ್‌ಮನ್ ಪ್ರಮಾಣಪತ್ರ ವಿಮಾನದ ಜೊತೆ ನಿಮಗೆ ಬರುವುದಿಲ್ಲ. ನನಗೂ ಇರಲಿಲ್ಲ, ಪ್ರತಿ ವರ್ಷ ಸಹಿ ಗೆಳೆಯನದೇ. ಕಿಟ್ ಯಾವ ವರ್ಷದ್ದು ಎಂದೂ ಕೇಳಿ. ಲೇಸರಿನಿಂದ ತೂತು ಕೊರೆದ ಕೆಲವು ಭಾಗಗಳಲ್ಲಿ ಬಿರುಕು ಕಾಣಿಸಿಕೊಂಡ ಗದ್ದಲದ ನಡುವೆ ವ್ಯಾನ್ಸ್ 2023ರ ಡಿಸೆಂಬರಿನಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೋರಿತ್ತು. ಅದಕ್ಕೆ ಬಹಳ ಮುಂಚಿನ ಕಿಟ್‌ಗೆ ಆ ಚಿಂತೆ ಇಲ್ಲ.

ಕೊಂಡ ಮೇಲೆ ಅದೇ ಮಾದರಿಯ ವಿಮಾನದಲ್ಲಿ ಬೋಧಕರೊಂದಿಗೆ ಕೆಲವು ಗಂಟೆ ಹಾರದೆ ಒಬ್ಬರೇ ಹತ್ತಬೇಡಿ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಇಂಥ ವಿಮಾನಗಳ ಬಗ್ಗೆ ಅಧ್ಯಯನ ಪ್ರಕಟಿಸಿತು. ಅದರ ಪ್ರಕಾರ 2011ರ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಡೆದದ್ದು ಕಟ್ಟಿದವರಿಂದ ಬೇರೆಯವರು ಕೊಂಡ ವಿಮಾನಗಳಲ್ಲಿ. ಮುಖ್ಯ ಕಾರಣಗಳು ಎಂಜಿನ್ ಕೈಕೊಟ್ಟದ್ದು, ನಿಯಂತ್ರಣ ತಪ್ಪಿದ್ದು. ಸೆಸ್ನಾ ಎತ್ತಿನ ಗಾಡಿಯಂತೆ ಸೌಮ್ಯ. ಆರ್‌ವಿಯ ನಿಯಂತ್ರಣ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದರೆ ಸಾಕು.

ನೀವೇ ಕಟ್ಟಬೇಕೇ? ಹೆಚ್ಚಿನ ಭಾಗವನ್ನು ಹವ್ಯಾಸಿಗಳೇ ಕಟ್ಟಿರಬೇಕು ಎಂಬುದು ಅಲ್ಲಿನ ನಿಯಮ, 51 ಶೇಕಡ ನಿಯಮ ಎಂದೇ ಹೆಸರು. ಗೆಳೆಯನ ಡೈರಿಯಲ್ಲಿ 2100 ಗಂಟೆ ಇತ್ತು, ಏಳು ವರ್ಷ ಹಿಡಿಯಿತು. ಆ ಏಳು ವರ್ಷದಲ್ಲಿ ಅವನು ಹಾರಿದ್ದು ಬಹಳ ಕಡಿಮೆ. ತಗಡು, ಅರ, ತೂತು, ಇವುಗಳ ನಡುವೆ ರಾತ್ರಿ ಹನ್ನೊಂದಾದದ್ದು ಗೊತ್ತಾಗದೆ ಹೋಗುವ ಜಾತಿಯವರು ನೀವಾದರೆ ಖಂಡಿತ ಕಟ್ಟಿ, ಅದಕ್ಕಿಂತ ದೊಡ್ಡ ಸುಖ ನಾನು ಕಂಡಿಲ್ಲ. ದುಡ್ಡು ಉಳಿಸಲು ಕಟ್ಟುವುದಾದರೆ ಬೇಡ. ನಿಮ್ಮ ಪ್ರಶ್ನೆಯಲ್ಲಿ ಕೈಕೆಲಸದ ಮಾತು ಒಂದು ಸಲವೂ ಬರಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಊರಿಗೆ ತರುವ ಆಸೆ. ಇದನ್ನು ಬರೆಯಲು ನನಗೇ ನೋವು, ಏಕೆಂದರೆ ನಾನೂ ಅದೇ ಕನಸು ಕಂಡವನು. ಮುಂಬಯಿಯ ಕ್ಯಾಪ್ಟನ್ ಅಮೋಲ್ ಯಾದವ್ ತಮ್ಮ ಕಟ್ಟಡದ ತಾರಸಿಯ ಮೇಲೆ ಆರು ಆಸನದ ವಿಮಾನ ಕಟ್ಟಿ 2016ರಲ್ಲಿ ಪ್ರದರ್ಶನಕ್ಕಿಟ್ಟರು. ನೋಂದಣಿ ಸಿಕ್ಕಿದ್ದು 2017ರಲ್ಲಿ, ಪರೀಕ್ಷಾ ಹಾರಾಟದ ಅನುಮತಿ 2019ರಲ್ಲಿ. ದೇಶವೆಲ್ಲ ಸುದ್ದಿಯಾದ ಮನುಷ್ಯನಿಗೇ ಅಷ್ಟು ಕಾಲ. ಅನುಮತಿ ಸಿಕ್ಕರೂ ಇಲ್ಲಿ ಪ್ರತಿ ಹಾರಾಟಕ್ಕೆ ಫ್ಲೈಟ್ ಪ್ಲಾನ್ ಹಾಕಿ, ವಾಯುರಕ್ಷಣಾ ಅನುಮತಿಯ ಸಂಖ್ಯೆ ಪಡೆದು ಹೊರಡಬೇಕು. ಒಹಾಯೊದಲ್ಲಿ ಬೆಳಿಗ್ಗೆ ಎದ್ದು ಆಕಾಶ ನೋಡಿ ಹೊರಟಂತೆ ಆಗುವುದಿಲ್ಲ. ಕಾಸರಗೋಡಿಗೆ ಹತ್ತಿರದ ನಿಲ್ದಾಣಗಳು ಮಂಗಳೂರು ಮತ್ತು ಕಣ್ಣೂರು, ಎರಡೂ ದೊಡ್ಡ ಜೆಟ್‌ಗಳ ಜಾಗ. ಮರಳಿ ಬಂದ ಮೇಲೆ ಹಾರುವ ಹಂಬಲ ಉಳಿದರೆ ಮೈಕ್ರೋಲೈಟ್ ಎಂಬ ಹಗುರ ವಿಮಾನಗಳ ಕಡೆ ನೋಡಿ. ಬೆಂಗಳೂರಿನ ರಾಜ್ ಹಂಸ ಕಂಪನಿಯ ಎಕ್ಸ್-ಏರ್ ಕಿಟ್ ಹೊರದೇಶಗಳಿಗೂ ಹೋಗಿ, ಅಲ್ಲಿನ ಹವ್ಯಾಸಿಗಳ ಕೈಯಲ್ಲಿ ವಿಮಾನವಾಗಿದೆ. ಇದು ನಮ್ಮವರಿಗೇ ಗೊತ್ತಿಲ್ಲ. ಅಂಥ ವಿಮಾನಗಳಲ್ಲಿ ಸಾಮಾನ್ಯವಾದ ರೋಟ್ಯಾಕ್ಸ್ 912 ಎಂಜಿನ್ ಬಂಕಿನ ಪೆಟ್ರೋಲಿನಲ್ಲಿ ಓಡುತ್ತದೆ ನಿಜ, ಆದರೆ ತಯಾರಕರು ಒಪ್ಪುವುದು ಶೇಕಡ 10 ಎಥನಾಲ್‌ವರೆಗೆ. ನಮ್ಮ ಬಂಕುಗಳಲ್ಲಿ ಈಗ ಶೇಕಡ 20. ಇಂಧನದ ವ್ಯವಸ್ಥೆ ಏನು ಎಂದು ಕೇಳದೆ ಯಾವ ಮೈಕ್ರೋಲೈಟಿಗೂ ಮುಂಗಡ ಕೊಡಬೇಡಿ.

ಸದ್ಯಕ್ಕೆ ಇಷ್ಟು ಮಾಡಿ. ನಿಮ್ಮ ಲಾಗ್‌ಬುಕ್ ತೆರೆದು ಕಳೆದ ಹನ್ನೆರಡು ತಿಂಗಳಲ್ಲಿ ನಿಜವಾಗಿ ಹಾರಿದ ಗಂಟೆಗಳನ್ನು ಕೂಡಿ, ಹಾರಬೇಕೆಂದುಕೊಂಡದ್ದನ್ನು ಸೇರಿಸಬೇಡಿ. ಆ ಸಂಖ್ಯೆಯನ್ನು ಇಲ್ಲಿ ಬರೆಯಿರಿ. ವಿಮಾನ ನೋಡಲು ಹೋದಾಗ ಬಾಲದ ಒಳಭಾಗದ ರಿವೆಟ್ ಸಾಲುಗಳನ್ನು ಹತ್ತಿರದಿಂದ ಫೋಟೊ ತೆಗೆದು ಹಾಕಿ. ಅಣ್ಣ ಮೂವತ್ತು ವರ್ಷದಿಂದ ತಗಡಿನ ಕೆಲಸ ಮಾಡುತ್ತಿದ್ದಾನೆ, ಅವನಿಗೂ ತೋರಿಸಿ ಇಬ್ಬರೂ ನೋಡಿ ಹೇಳುತ್ತೇವೆ.