ಕರಿಬೇವು ಒಳಗೆ, ಡೇಲಿಯಾ ಆಮೇಲೆ

ಪ್ರಶ್ನೆ: ಅಕ್ಟೋಬರ್ ಬಂತು. ಕುಂಡದಲ್ಲಿ ಕರಿಬೇವು, ನೆಲದಲ್ಲಿ ಟೊಮೆಟೊ, ಡೇಲಿಯಾ ಇವೆ. ಹಿಮ (ಸ್ನೋ ಅಲ್ಲ, ಎಲೆ ಮೇಲೆ ಕಟ್ಟುವ ಫ್ರಾಸ್ಟ್) ಬೀಳುವ ಮೊದಲು ಏನು ಮಾಡಲಿ?
– ಓದುಗರು, ಎಡಿಸನ್, ನ್ಯೂಜೆರ್ಸಿ

ಉತ್ತರ: ಕರಿಬೇವನ್ನು ಇವತ್ತೇ ಒಳಗೆ ತನ್ನಿ. ಹಿಮದವರೆಗೆ ಕಾಯುವುದೇನು, ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೇ ಅದಕ್ಕೆ ಕಷ್ಟ. ಎಲೆಯಡಿ ಹುಳ ಇದೆಯಾ ನೋಡಿ, ದಕ್ಷಿಣದ ಕಿಟಕಿಯ ಬಳಿ ಇಡಿ. ಚಳಿಗಾಲದಲ್ಲಿ ಎಲೆ ಉದುರಿದರೆ ಗಾಬರಿ ಬೇಡ. ಆಗ ಪಾಪ ಅಂತ ನೀರು ಜಾಸ್ತಿ ಸುರಿದು, ಬೇರು ಕೊಳೆಸಿ ಗಿಡ ಕಳೆದುಕೊಳ್ಳುವವರೇ ಹೆಚ್ಚು.

ಟೊಮೆಟೊಗೆ ಮೋಡವೂ ಗಾಳಿಯೂ ಇಲ್ಲದ ರಾತ್ರಿ ಅಪಾಯ, ಹಿಮ ಕಟ್ಟುವುದು ಹೆಚ್ಚಾಗಿ ಆಗಲೇ. ಹಳೇ ಬೆಡ್‌ಶೀಟ್ ನೆಲ ಮುಟ್ಟುವಂತೆ ಹೊದಿಸಿ, ಬೆಳಗ್ಗೆ ತೆಗೆಯಿರಿ. ನಾನಾದರೆ ಸುಮ್ನೆ ಕಾಯಿ ಕಿತ್ತು ಚಟ್ನಿ ಮಾಡುತ್ತೇನೆ!

ಡೇಲಿಯಾಗೆ ಅವಸರವಿಲ್ಲ. ಹಿಮಕ್ಕೆ ಎಲೆ ಕಪ್ಪಾದ ಮೇಲೆ ಗೆಡ್ಡೆ ಅಗೆದು, ನೀರು ಹೆಪ್ಪುಗಟ್ಟದಂಥ ತಂಪು ಜಾಗದಲ್ಲಿಡಿ.