ವಂಕಿ ಇತ್ತಲ್ಲ ಮೇಡಂ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನಮ್ಮ ಎಚ್‌ಐವಿ ಪರೀಕ್ಷಾ ಕೇಂದ್ರಕ್ಕೆ ಬಂದಾಕೆ ಚಳ್ಳಕೆರೆ ಕಡೆಯ ಹಳ್ಳಿಯವಳು, ನಾಲ್ಕು ತಿಂಗಳ ಬಸುರಿ. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸದವನು. ಶೇಂಗಾ ಬಿತ್ತನೆಗೆ, ನಾಯಕನಹಟ್ಟಿ ಜಾತ್ರೆಗೆ ಊರಿಗೆ ಬರುತ್ತಾನೆ. ಮೂರು ವರ್ಷದ ಹಿಂದೆ, ಮೊದಲ ಬಸಿರಿನಲ್ಲಿ, ಈಕೆಯ ಎಚ್‌ಐವಿ ವರದಿ ನೆಗೆಟಿವ್ ಇತ್ತು. ಆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದಳು. ಈ ಸಲ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿದೆವು. ಮೂರರಲ್ಲೂ ಪಾಸಿಟಿವ್.

"ಯಾರದೋ ರಕ್ತ ನನ್ನ ಹೆಸರಿಗೆ ಬಂದೈತೆ ಮೇಡಂ. ನಾನು ಇನ್ನೊಬ್ಬರನ್ನ ತಲೆ ಎತ್ತಿ ನೋಡಿದವಳಲ್ಲ."

"ನಂಬ್ತೀನಮ್ಮ" ಅಂದೆ. ಈ ಮಾತು ಮೊದಲು ಹೇಳದಿದ್ದರೆ ಮುಂದಿನದು ಯಾವುದೂ ಕಿವಿಗೆ ಬೀಳುವುದಿಲ್ಲ.

ರಕ್ತ ಹಾಕಿಸಿಕೊಂಡಿದ್ದೀಯಾ ಎಂದು ಕೇಳಿದೆ. ಇಲ್ಲ. ತುಸು ಹೊತ್ತು ಬಿಟ್ಟು ತಾನೇ ಹೇಳಿದಳು: ಎರಡು ದೀಪಾವಳಿಯ ಹಿಂದೆ ಗಂಡ ಬಂದು ಹೋದ ಮೇಲೆ ಕೆಳಗೆ ಹುಣ್ಣಾಗಿತ್ತು, ನಾಚಿಕೆಗೆ ಯಾರಿಗೂ ತೋರಿಸಲಿಲ್ಲ, ಮೆಡಿಕಲ್ ಶಾಪಿನ ಮುಲಾಮು ಹಚ್ಚಿಕೊಂಡೆ. "ಆದ್ರೆ ಆಗ ವಂಕಿ ಇತ್ತಲ್ಲ ಮೇಡಂ, ಅದು ತಡೀಲಿಲ್ವಾ?"

ಈ ಪ್ರಶ್ನೆಯನ್ನು ಎಷ್ಟು ಹೆಣ್ಣುಮಕ್ಕಳ ಬಾಯಲ್ಲಿ ಕೇಳಿದ್ದೇನೆ! ವಂಕಿ ಅಂದರೆ ಬಸಿರಾಗದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ. ವಂಕಿ, ಮಾತ್ರೆ, ಆಪರೇಷನ್ ತಡೆಯುವುದು ಬಸಿರನ್ನು ಮಾತ್ರ. ಎಚ್‌ಐವಿ ಇರುವ ಗಂಡಸಿನ ವೀರ್ಯ ಕೂಡಿದ ಮೇಲೂ ಹೆಣ್ಣಿನ ಒಳಗೆ ಉಳಿಯುತ್ತದೆ, ಅಲ್ಲಿಯ ಪೊರೆ ತೆಳು, ಹರವೂ ಹೆಚ್ಚು. ಹುಣ್ಣಿದ್ದರೆ ವೈರಾಣುವಿಗೆ ಬಾಗಿಲು ತೆರೆದಂತೆಯೇ. ಅವನಿಗೆ ವರ್ಷಗಟ್ಟಲೆ ಯಾವ ಲಕ್ಷಣವೂ ಕಾಣದೆ ಇರಬಹುದು. ತಡೆಯಬಹುದಾಗಿದ್ದುದು ನಿರೋಧ್. ಅದನ್ನು ಕೇಳಿದರೆ "ನನ್ನ ಮೇಲೆ ಅನುಮಾನವಾ?" ಎಂಬ ಮಾತು ಬರುತ್ತದೆಂದು ಹೆಂಡತಿಯರು ಬಾಯಿ ಬಿಡುವುದೇ ಇಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಮಗುವಿನ ವಿಷಯಕ್ಕೆ ಬಂದಾಗ ಅತ್ತಳು. ಲೆಕ್ಕ ಬಿಡಿಸಿ ಹೇಳಿದೆ. ಚಿಕಿತ್ಸೆಯೇ ಇಲ್ಲದಿದ್ದರೆ, ಹಾಲೂ ಕುಡಿಸಿದರೆ, 100 ಕೂಸುಗಳಲ್ಲಿ 15ರಿಂದ 45ಕ್ಕೆ ಸೋಂಕು ತಗಲಬಹುದು. ದಿನ ತಪ್ಪದೆ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಗುಳಿಗೆ ನುಂಗಿದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಗುಳಿಗೆ ಸರ್ಕಾರದ್ದು, ಪುಕ್ಕಟೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಕೂಸಿಗೆ ಹುಟ್ಟಿದ ಕೂಡಲೇ ಔಷಧಿ, ಆರು ವಾರಕ್ಕೆ ಪರೀಕ್ಷೆ. ಮೊದಲ ಮಗು ಎರಡು ವರ್ಷ ಹಾಲು ಕುಡಿದಿತ್ತು, ಅದನ್ನೂ ಕರೆತರಲು ಹೇಳಿದೆ.

ಗಂಡನಿಗೆ ತಿಳಿಸು ಅನ್ನುವ ಮುಂಚೆ "ಹೊಡೀತಾನಾ?" ಎಂದು ಕೇಳಿದೆ. ಇಲ್ಲ ಅಂದಳು. ಹಾಗಾದರೆ ಮನೆಯಲ್ಲಿ ಹೇಳಬೇಡ, ಇಲ್ಲಿಗೇ ಕರೆದುಕೊಂಡು ಬಾ, ನನ್ನೆದುರು ಮಾತಾಡೋಣ ಅಂದೆ. ಅತ್ತೆಗೆ ಹೇಳಲೇಬೇಕೆಂದಿಲ್ಲ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಆಕೆಯ ಒಪ್ಪಿಗೆಯಿಲ್ಲದೆ ನಾವೂ ಅತ್ತೆಗೆ ಹೇಳುವಂತಿಲ್ಲ.

ಮುಂದಿನ ವಾರ ಮೂವರೂ ಬಂದರು. ಮಗುವಿನ ವರದಿ ನೆಗೆಟಿವ್, ಗಂಡನದು ಪಾಸಿಟಿವ್. ಅವನು ಬೆಂಚಿನ ತುದಿಯಲ್ಲಿ ಬಹಳ ಹೊತ್ತು ತಲೆ ತಗ್ಗಿಸಿ ಕೂತಿದ್ದ. ಆಮೇಲೆ ಕೇಳಿದ: "ಅವಳ ಗುಳಿಗೆ, ನನ್ನ ಗುಳಿಗೆ ಒಂದೇನಾ ಮೇಡಂ?"

ಇಬ್ಬರ ಫೋನಿನಲ್ಲೂ ರಾತ್ರಿ ಒಂಬತ್ತಕ್ಕೆ ಅಲಾರಂ ಇಟ್ಟುಕೊಟ್ಟೆ.